ಮುರುಗಲು ಸಿಪ್ಪೆಯ ಸಾರ ವ್ಯಾಂಕೋಮೈಸಿನ್‌ಗಿಂತ ಉತ್ತಮ ಎಂದು ಬರೆಯಬಹುದೇ?

ಅಘನಾಶಿನಿ · ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸೂಕ್ಷ್ಮಜೀವವಿಜ್ಞಾನ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ನಮ್ಮೂರಿನ ಮುರುಗಲು ಹಣ್ಣಿನ ಒಣಸಿಪ್ಪೆಯನ್ನು ಆರಿಸಿಕೊಂಡೆ. ಸಿಪ್ಪೆಯನ್ನು ಪುಡಿ ಮಾಡಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಸೋಸಿ ಒಣಗಿಸಿದೆ. ಆ ಪುಡಿಯನ್ನು ಮಿಲಿಲೀಟರಿಗೆ 100 ಮಿಲಿಗ್ರಾಂ ಆಗುವಂತೆ ಮತ್ತೆ ನೀರಿನಲ್ಲಿ ಕರಗಿಸಿದೆ. ಬ್ಯಾಕ್ಟೀರಿಯಾ ಬೆಳೆಸುವ ಮುಲ್ಲರ್-ಹಿಂಟನ್ ಅಗಾರ್ ಮೇಲೆ ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್ ಎಂಬ ಪ್ರತಿಜೀವಕಕ್ಕೆ (ಆಂಟಿಬಯೋಟಿಕ್) ಬಗ್ಗದ ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಹರಡಿ, 8 ಮಿ.ಮೀ. ಅಗಲದ ಗುಳಿ ಕೊರೆದು, ಗುಳಿಗೆ 100 ಮೈಕ್ರೋಲೀಟರ್ ಸಾರ ಹಾಕಿದೆ.

ಮಾರನೆಯ ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗ ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ, ಗಾಜಿನಷ್ಟು ಶುಭ್ರವಾದ ವಲಯ ಇತ್ತು. ಅಳೆದರೆ 22 ಮಿ.ಮೀ. ಪಕ್ಕದಲ್ಲಿಟ್ಟ 30 ಮೈಕ್ರೋಗ್ರಾಂ ವ್ಯಾಂಕೋಮೈಸಿನ್ ಪ್ರತಿಜೀವಕದ ಡಿಸ್ಕ್‌ಗೆ ಬಂದದ್ದು 17. ಮೂರು ಬಾರಿ ಮಾಡಿದೆ, ಮೂರು ಬಾರಿಯೂ ಹೀಗೆಯೇ.

ತೀರ್ಮಾನದಲ್ಲಿ "ವ್ಯಾಂಕೋಮೈಸಿನ್‌ಗಿಂತ ಉತ್ತಮ ಪರಿಣಾಮ" ಎಂದು ಬರೆಯಲು ಮಾರ್ಗದರ್ಶಕರು ಹೇಳಿದ್ದಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಏಕೆ ಎಂದು ಅವರಿಗೆ ವಿವರಿಸಲು ಸರಿಯಾದ ಮಾತು ಸಿಗುತ್ತಿಲ್ಲ. ಬಲ್ಲವರು ತಿಳಿಸಿ.

ತೋಟದಮನೆ · ಸೋಮವಾರ, ರಾತ್ರಿ 9.52

ಅಭಿನಂದನೆಗಳು ತಂಗಿ! ನಮ್ಮ ಅಡಿಕೆ ತೋಟದ ಬೇಲಿಯಲ್ಲೇ ನಾಲ್ಕು ಮುರುಗಲು ಮರಗಳಿವೆ. ಚಳಿಗಾಲದಲ್ಲಿ ಹಿಮ್ಮಡಿ ಒಡೆದರೆ ಇಂದಿಗೂ ನಾವು ಹಚ್ಚುವುದು ಮುರುಗಲು ತುಪ್ಪವನ್ನೇ. ಈ ಹಣ್ಣಿನಲ್ಲಿ ಗುಣವಿದೆ ಎಂದು ನಮಗೆ ಯಾವ ತಟ್ಟೆಯೂ ಹೇಳಬೇಕಾಗಿಲ್ಲ.

ಪ್ರಯೋಗಾಲಯದ ಮೇಷ್ಟ್ರು · ಸೋಮವಾರ, ರಾತ್ರಿ 10.15

ನಿಮ್ಮ ಅನುಮಾನ ಸರಿಯಾಗಿದೆ, ಅಘನಾಶಿನಿ. ಮೂವತ್ತು ವರ್ಷ ಈ ತಟ್ಟೆಗಳನ್ನು ನೋಡಿದವನಾಗಿ ಹೇಳುತ್ತೇನೆ, ಆ ವಾಕ್ಯವನ್ನು ಬರೆಯಬೇಡಿ.

ಮೊದಲು ಲೆಕ್ಕ ಹಾಕಿ. ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಸಾರದ 100 ಮೈಕ್ರೋಲೀಟರ್ ಎಂದರೆ ಗುಳಿಗೆ ಬಿದ್ದದ್ದು 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ. ಡಿಸ್ಕ್‌ನಲ್ಲಿ ಇದ್ದದ್ದು 30. ಮುನ್ನೂರು ಪಟ್ಟಿಗೂ ಹೆಚ್ಚು ಸಾರ ಹಾಕಿ ಐದು ಮಿ.ಮೀ. ಹೆಚ್ಚು ಪಡೆದಿದ್ದೀರಿ.

ಎರಡನೆಯದು, ವಲಯದ ಅಗಲ ಔಷಧದ ಬಲವನ್ನಷ್ಟೇ ಅಳೆಯುವುದಿಲ್ಲ. ಅಣು ಅಗಾರ್‌ನೊಳಗೆ ಎಷ್ಟು ದೂರ ನುಸುಳುತ್ತದೆ ಎಂಬುದೂ ಅದರಲ್ಲಿ ಸೇರಿದೆ. ವ್ಯಾಂಕೋಮೈಸಿನ್ ಸುಮಾರು 1,450 ಡಾಲ್ಟನ್ ತೂಗುವ ದೊಡ್ಡ ಅಣು, ತೆವಳುತ್ತಾ ಹೋಗುತ್ತದೆ. ಸ್ಟ್ಯಾಫಿಲೋಕಾಕಸ್ ವ್ಯಾಂಕೋಮೈಸಿನ್‌ಗೆ ಬಗ್ಗುತ್ತದೆಯೇ ಎಂಬುದನ್ನು ಡಿಸ್ಕ್ ಇಟ್ಟು ತೀರ್ಮಾನಿಸುವುದನ್ನು ಆಸ್ಪತ್ರೆಯ ಪ್ರಯೋಗಾಲಯಗಳಲ್ಲೇ ಕೈಬಿಡಲಾಗಿದೆ. ಅಲ್ಲಿ ಎಂಐಸಿ ನೋಡುತ್ತಾರೆ. ಹಾಗಿರುವಾಗ ಆ 17ರ ಜೊತೆ ನಿಮ್ಮ 22ನ್ನು ಹೋಲಿಸುವುದು ಹೇಗೆ?

ಎಂಐಸಿ, ಅಂದರೆ ಬೆಳವಣಿಗೆಯನ್ನು ತಡೆಯಲು ಬೇಕಾದ ಕನಿಷ್ಠ ಸಾಂದ್ರತೆ. ಅದನ್ನು ಕಂಡುಕೊಳ್ಳಿ. 96 ಗುಳಿಗಳ ತಟ್ಟೆಯಲ್ಲಿ ಸಾರವನ್ನು ಅರ್ಧರ್ಧ ತೆಳುವಾಗಿಸುತ್ತಾ ಹೋಗಿ, ಮಿಲಿಲೀಟರಿಗೆ ಸುಮಾರು 5 ಲಕ್ಷ ಜೀವಕೋಶ ಇರುವಂತೆ ಬ್ಯಾಕ್ಟೀರಿಯಾ ಸೇರಿಸಿ.

ರಸಾಯನ ಮಂಗಳೂರು · ಸೋಮವಾರ, ರಾತ್ರಿ 10.31

ಪಿಎಚ್ ನೋಡಿದ್ದೀರಾ?

ಅಘನಾಶಿನಿ · ಸೋಮವಾರ, ರಾತ್ರಿ 10.34

ಇಲ್ಲ ಸರ್. ನೋಡಬೇಕಿತ್ತೇ?

ರಸಾಯನ ಮಂಗಳೂರು · ಸೋಮವಾರ, ರಾತ್ರಿ 10.58

ಅಗತ್ಯವಾಗಿ. ನೀವು ಮುರುಗಲು ಎನ್ನುವುದು ನಮ್ಮ ಪುನರ್ಪುಳಿ. ಹೆಸರಿನಲ್ಲೇ ಹುಳಿ ಇದೆ. ಅದರ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತುಂಬಿದೆ. ನೀರಿನಲ್ಲಿ ನೆನೆಸಿದರೆ ಮೊದಲು ಹೊರಬರುವುದು ಅದೇ. ಚಿಕ್ಕ ಅಣುವಾದ್ದರಿಂದ ಅಗಾರ್‌ನಲ್ಲಿ ಸರಾಗವಾಗಿ ಹರಡುತ್ತದೆ. ಅಗಾರ್‌ನ ಪಿಎಚ್ ಇರಬೇಕಾದದ್ದು 7.2ರಿಂದ 7.4. ಗುಳಿಯ ಸುತ್ತ ಅದು 4ಕ್ಕಿಂತ ಕೆಳಗಿಳಿದರೆ ಸ್ಟ್ಯಾಫಿಲೋಕಾಕಸ್ ಬೆಳೆಯುವುದಿಲ್ಲ, ಅಷ್ಟೆ. ನಿಂಬೆರಸ ಹಾಕಿದರೂ ಇಂಥದ್ದೇ ವಲಯ ಬರುತ್ತದೆ. ಅದನ್ನು ಔಷಧ ಎನ್ನಲು ಬರುವುದಿಲ್ಲ, ಏಕೆಂದರೆ ರಕ್ತ ತನ್ನ ಪಿಎಚ್ ಅನ್ನು 7.4ರ ಆಸುಪಾಸಿನಲ್ಲಿ ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ.

ಹೀಗೆ ಮಾಡಿ. ಸಾರದ ಒಂದು ಭಾಗವನ್ನು ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಹಾಕಿ 7.2ಕ್ಕೆ ತನ್ನಿ. ಇನ್ನೊಂದು ಗುಳಿಗೆ ನಿಮ್ಮ ಸಾರದ್ದೇ ಪಿಎಚ್ ಇರುವ, ಅಷ್ಟೇ ಹುಳಿಯ ಸಿಟ್ರಿಕ್ ಆಮ್ಲದ ನೀರು ಹಾಕಿ. ಮೂರನೆಯದಕ್ಕೆ ಮೂಲ ಸಾರ. ಒಂದೇ ತಟ್ಟೆಯಲ್ಲಿ ಮೂರೂ ಇರಲಿ.

ಕಷಾಯಪ್ರಿಯ · ಮಂಗಳವಾರ, ಬೆಳಿಗ್ಗೆ 6.50

ಪಾಪದ ಹುಡುಗಿ ಸಂತೋಷದಿಂದ ಬಂದರೆ ಎಲ್ಲರೂ ಸೇರಿ ತಣ್ಣೀರು ಎರಚುತ್ತಿದ್ದೀರಿ. ನಮ್ಮ ಹಿರಿಯರು ಬೇರು ನಾರು ಅರೆದು ಹಚ್ಚಿ ಗಾಯ ವಾಸಿ ಮಾಡಲಿಲ್ಲವೇ? ಆ ಜ್ಞಾನಕ್ಕೆ ಪ್ರಯೋಗಾಲಯದ ಮುದ್ರೆ ಏಕೆ ಬೇಕು? ಮುದ್ರೆ ಒತ್ತಲು ಹೋದಾಗಲೆಲ್ಲ "ಇದರಲ್ಲಿ ಏನೂ ಇಲ್ಲ" ಎನ್ನುತ್ತಾರೆ.

ಪ್ರಯೋಗಾಲಯದ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 8.05

ಏನೂ ಇಲ್ಲ ಎಂದು ನಾನು ಹೇಳಿಲ್ಲ. ಏನಿದೆ ಎಂದು ಸರಿಯಾಗಿ ಕೇಳೋಣ ಎನ್ನುತ್ತಿದ್ದೇನೆ. ಹಿರಿಯರ ಮಾತಿಗೆ ಪ್ರಯೋಗಾಲಯ ಕೊಡಬಹುದಾದ ದೊಡ್ಡ ಗೌರವ ಅದೇ.

ಚೀನಾದ ತು ಯೂಯೂ ಅವರ ಕೆಲಸ ನೋಡಿ. ಬ್ಯಾಕ್ಟೀರಿಯಾ ಅಲ್ಲ, ಮಲೇರಿಯಾ, ಆದರೂ ಇಲ್ಲಿಗೆ ಹೊಂದುತ್ತದೆ. ಅವರ ತಂಡ ಒಂದು ಸೊಪ್ಪಿನ ಸಾರ ತೆಗೆದಾಗ ಫಲಿತಾಂಶ ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಅವರು ಸೊಪ್ಪನ್ನು ಬಿಡಲಿಲ್ಲ, ಹಳೆಯ ಗ್ರಂಥವನ್ನು ಮತ್ತೆ ಓದಿದರು. ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಎಂದು ಅಲ್ಲಿತ್ತು. ಕುದಿಸಬೇಕು ಎಂದಿರಲಿಲ್ಲ. ಬಿಸಿ ಮಾಡಿ ತಾವೇ ಗುಣ ಕೆಡಿಸುತ್ತಿದ್ದೇವೆ ಎಂದು ಅವರಿಗೆ ಹೊಳೆಯಿತು. 1971ರಲ್ಲಿ ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು, ಅದು ಕೆಲಸ ಮಾಡಿತು. ಅದರಲ್ಲಿದ್ದ ಅಣುವೇ ಮಲೇರಿಯಾದ ಔಷಧ ಆರ್ಟಿಮಿಸಿನಿನ್. 2015ರಲ್ಲಿ ನೊಬೆಲ್ ಬಂತು. ಹಳೆಯ ಮಾತನ್ನು ಅಕ್ಷರಕ್ಷರ ಗೌರವದಿಂದ ಓದಿದ್ದರಿಂದಲೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದರಿಂದಲೂ ಅದು ಸಾಧ್ಯವಾಯಿತು. ಎರಡರಲ್ಲಿ ಒಂದು ಬಿಟ್ಟಿದ್ದರೂ ಇಲ್ಲ.

ಕಷಾಯಪ್ರಿಯ · ಮಂಗಳವಾರ, ಬೆಳಿಗ್ಗೆ 8.40

ಈ ಮಾತು ಒಪ್ಪುತ್ತೇನೆ. ಆದರೆ ನೀವು ಒಂದೊಂದೇ ಅಣುವನ್ನು ಬೇರ್ಪಡಿಸಿ ನೋಡುತ್ತೀರಿ. ಕಷಾಯದಲ್ಲಿ ಹತ್ತು ವಸ್ತು ಸೇರಿ ಕೆಲಸ ಮಾಡುತ್ತವೆ. ಬಿಡಿಸಿ ನೋಡಿದರೆ ಗುಣ ಹೋಗುತ್ತದೆ.

ರಸಾಯನ ಮಂಗಳೂರು · ಮಂಗಳವಾರ, ಬೆಳಿಗ್ಗೆ 9.20

ಕಷಾಯಪ್ರಿಯರ ಈ ಮಾತಿಗೆ ಪ್ರಯೋಗಾಲಯದಲ್ಲಿಯೇ ಸಾಕ್ಷಿ ಇದೆ. ನನಗೆ ಬಹಳ ಇಷ್ಟವಾದ ಪ್ರಕರಣ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮರದರಿಶಿನದಲ್ಲಿ ಹಳದಿ ಬಣ್ಣದ ಬರ್ಬೆರಿನ್ ಇದೆ. ಅದು ಸ್ಟ್ಯಾಫಿಲೋಕಾಕಸ್‌ನೊಳಗೆ ಉಳಿದರೆ ಬ್ಯಾಕ್ಟೀರಿಯಾಕ್ಕೆ ಕಂಟಕ. ಆದರೆ ಉಳಿಯಲು ಬಿಡಬೇಕಲ್ಲ? ಬ್ಯಾಕ್ಟೀರಿಯಾದ ಪೊರೆಯಲ್ಲಿ ನಾರ್‌ಎ ಎಂಬ ಪ್ರೋಟೀನ್ ಪಂಪ್ ಇದೆ. ಒಳಗೆ ಬಂದ ಬರ್ಬೆರಿನ್ ಅನ್ನು ದೋಣಿಯಿಂದ ನೀರು ಮೊಗೆದಂತೆ ಹೊರಗೆ ಎತ್ತಿ ಹಾಕುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕವನ್ನೂ ಅದೇ ಪಂಪ್ ಹೊರದೂಡುತ್ತದೆ. ಹಾಗಾದರೆ ಕೆಲಸಕ್ಕೆ ಬಾರದ ಬರ್ಬೆರಿನ್ ಅನ್ನು ಗಿಡ ಏಕೆ ತಯಾರಿಸುತ್ತದೆ? 2000ರಲ್ಲಿ ಅಮೆರಿಕದ ಸಂಶೋಧಕರು, ಬರ್ಬೆರಿನ್ ತಯಾರಿಸುವ ಬರ್ಬೆರಿಸ್ ಗಿಡಗಳಲ್ಲಿ ಇನ್ನೊಂದು ಅಣುವನ್ನು ಕಂಡರು. ಅದರ ಹೆಸರು 5'-ಮೆಥಾಕ್ಸಿಹಿಡ್ನೋಕಾರ್ಪಿನ್. ಅದನ್ನು ಒಂಟಿಯಾಗಿ ಹಾಕಿದರೆ ಬ್ಯಾಕ್ಟೀರಿಯಾಕ್ಕೆ ಏನೂ ಆಗುವುದಿಲ್ಲ. ಅದರ ಕೆಲಸ ಪಂಪ್ ಅನ್ನು ಕಟ್ಟಿಹಾಕುವುದು. ಆಗ ಬರ್ಬೆರಿನ್ ಒಳಗೆ ತುಂಬಿಕೊಳ್ಳುತ್ತದೆ. ಒಂದು ಕೈ ಬಾಗಿಲು ಹಾಕುತ್ತದೆ, ಇನ್ನೊಂದು ಕೈ ಹೊಡೆಯುತ್ತದೆ.

ಈಗ ಯೋಚಿಸಿ. ಆ ಗಿಡದ ಎಲ್ಲ ಅಣುಗಳನ್ನೂ ಬೇರ್ಪಡಿಸಿ ಒಂದೊಂದಕ್ಕೂ ವಲಯ ನೋಡಿದ್ದರೆ ಎರಡನೆಯದನ್ನು ಕಸಕ್ಕೆ ಹಾಕುತ್ತಿದ್ದೆವು.

ಇಂಥ ಜೋಡಿಗಳನ್ನು ಹುಡುಕಲು ಚದುರಂಗದ ಮನೆಯಂತೆ ತಟ್ಟೆ ಹಾಕುತ್ತೇವೆ. ಅಡ್ಡಸಾಲಿನಲ್ಲಿ ಪ್ರತಿಜೀವಕ ತೆಳುವಾಗುತ್ತಾ ಹೋಗುತ್ತದೆ, ಕಂಬಸಾಲಿನಲ್ಲಿ ಸಸ್ಯದ ಅಣು. ಎರಡರ ಎಂಐಸಿಯೂ ಕಾಲು ಪಾಲಿಗೋ ಅದಕ್ಕಿಂತ ಕೆಳಕ್ಕೋ ಇಳಿದರೆ ಕೂಡಿ ಕೆಲಸ ಮಾಡುತ್ತಿವೆ ಎಂದು ಅರ್ಥ.

ಗಿಡಗುರುತು · ಮಂಗಳವಾರ, ಬೆಳಿಗ್ಗೆ 9.44

ಮರದರಿಶಿನ ಎಂದಕೂಡಲೇ ಕಾಡಿಗೆ ನುಗ್ಗಬೇಡಿ ಎಂದು ಎಲ್ಲರಲ್ಲೂ ಬೇಡಿಕೊಳ್ಳುತ್ತೇನೆ. ಅದು ಪಶ್ಚಿಮಘಟ್ಟದಲ್ಲಿ ಅಳಿವಿನಂಚಿಗೆ ಬಂದಿರುವ ಬಳ್ಳಿ. ಕಾಂಡ ಕಡಿದರೆ ಬಳ್ಳಿಯೇ ಹೋಯಿತು, ಬೆಳೆಯಲು ವರ್ಷಗಟ್ಟಲೆ ಬೇಕು. ಬರ್ಬೆರಿನ್ ಬೇಕಿದ್ದರೆ ಶುದ್ಧ ರೂಪದಲ್ಲಿ ಕೊಳ್ಳಲು ಸಿಗುತ್ತದೆ.

ಇನ್ನೊಂದು ವಿಷಯ ಅಘನಾಶಿನಿಯವರಿಗೆ. ನಿಮ್ಮ ಸಿಪ್ಪೆ ಎಲ್ಲಿಂದ ಬಂತು? ಮರದ ಕೊಂಬೆ, ಎಲೆ, ಹೂವನ್ನು ಒತ್ತಿ ಒಣಗಿಸಿ ಹರ್ಬೇರಿಯಂನಲ್ಲಿ ಮಾದರಿ ಇಟ್ಟಿದ್ದೀರಾ? ಕರ್ನಾಟಕದಲ್ಲಿ ಬ್ರಾಹ್ಮಿ ಎಂದು ಕೇಳಿದರೆ ಕೆಲವು ಕಡೆ ನೀರುಬ್ರಾಹ್ಮಿ ಕೊಡುತ್ತಾರೆ, ಕೆಲವು ಕಡೆ ಒಂದೆಲಗ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು, ಒಳಗಿನ ರಸಾಯನವೂ ಬೇರೆ. "ಬ್ರಾಹ್ಮಿಯ ಸಾರ" ಎಂದಷ್ಟೇ ಬರೆದ ವರದಿಯನ್ನು ಯಾರು ಮರುಪರೀಕ್ಷೆ ಮಾಡಲು ಸಾಧ್ಯ?

ತೋಟದಮನೆ · ಮಂಗಳವಾರ, ಬೆಳಿಗ್ಗೆ 10.10

ಒಂದೆಲಗದ ತಂಬುಳಿ ತಿಂದು ಬೆಳೆದವರು ನಾವು, ನಮಗೆ ಅದೇ ಬ್ರಾಹ್ಮಿ. ಅದಿರಲಿ, ಒಳ್ಳೆಯ ಪ್ರಶ್ನೆ ಕೇಳಿದಿರಿ. ತಂಗಿ, ಅಂಗಡಿಯಿಂದ ತಂದ ಸಿಪ್ಪೆಯಾದರೆ ಉಪ್ಪು ಹಾಕಿ ಒಣಗಿಸಿದ್ದಿರಬಹುದು. ನಾಲಿಗೆಗೆ ತಾಗಿಸಿ ನೋಡಿದ್ದೀಯಾ?

ಅಘನಾಶಿನಿ · ಮಂಗಳವಾರ, ಬೆಳಿಗ್ಗೆ 10.25

ಅಂಗಡಿಯದೇ ಅಣ್ಣ. ಉಪ್ಪಿದೆ. ಇದನ್ನು ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಪ್ರಯೋಗಾಲಯದ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 10.40

ಸ್ಟ್ಯಾಫಿಲೋಕಾಕಸ್ ಉಪ್ಪಿಗೆ ಸುಲಭವಾಗಿ ಹೆದರುವುದಿಲ್ಲ. ಶೇ. 7.5 ಉಪ್ಪಿರುವ ಅಗಾರ್‌ನಲ್ಲಿಯೇ ಅದನ್ನು ಬೇರ್ಪಡಿಸಿ ಬೆಳೆಸುತ್ತೇವೆ. ಆದರೂ ಬರೆದಿಡಿ, ತೂಕದ ಲೆಕ್ಕ ತಪ್ಪುತ್ತದೆ. 100 ಮಿಲಿಗ್ರಾಂನಲ್ಲಿ ಸಿಪ್ಪೆಯದೆಷ್ಟು, ಉಪ್ಪಿನದೆಷ್ಟು? ಮತ್ತೆ, ನಿಮ್ಮ ತಳಿ ನಿಜವಾಗಿಯೂ ಎಂಆರ್‌ಎಸ್‌ಎ ಹೌದೇ ಎಂದು 30 ಮೈಕ್ರೋಗ್ರಾಂ ಸೆಫಾಕ್ಸಿಟಿನ್ ಪ್ರತಿಜೀವಕದ ಡಿಸ್ಕ್ ಇಟ್ಟು ನೋಡಿಕೊಳ್ಳಿ. ವಲಯ 21 ಮಿ.ಮೀ. ಅಥವಾ ಕಡಿಮೆ ಬರಬೇಕು. ಶೀಶೆಯ ಮೇಲಿನ ಚೀಟಿಯನ್ನು ನಂಬಬೇಡಿ.

ಹಾವೇರಿ ಅಪ್ಪ · ಮಂಗಳವಾರ, ಸಂಜೆ 5.30

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮಗಳು ಒಂಬತ್ತನೇ ತರಗತಿ. ವಿಜ್ಞಾನ ಮೇಳಕ್ಕೆ ಇದನ್ನೇ ಮಾಡುತ್ತೇನೆ ಎನ್ನುತ್ತಿದ್ದಾಳೆ. ಅಗಾರ್ ಪುಡಿ ಸಿಗುತ್ತದೆ. ಕೈ ತೊಳೆಯದೆ ಒತ್ತಿದರೆ ಬ್ಯಾಕ್ಟೀರಿಯಾ ಬೆಳೆಯುತ್ತದಂತೆ. ಬೆಳ್ಳುಳ್ಳಿ, ಅರಿಶಿನ ಇಟ್ಟು ನೋಡಬಹುದೇ?

ರಾತ್ರಿಪಾಳಿ · ಮಂಗಳವಾರ, ಸಂಜೆ 5.48

ದಯವಿಟ್ಟು ಬೇಡ. ಕೈಯಿಂದ ಬಂದದ್ದು ಯಾವುದು ಎಂದು ಗೊತ್ತಿರುವುದಿಲ್ಲ, ತಟ್ಟೆಯಲ್ಲಿ ಅದು ಕೋಟಿಗಟ್ಟಲೆ ಆಗಿರುತ್ತದೆ, ಮಕ್ಕಳು ಮುಚ್ಚಳ ತೆಗೆದು ಮೂಸುತ್ತಾರೆ. ಪ್ರಯೋಗಾಲಯದಲ್ಲಿ ಕೆಲಸ ಮುಗಿದ ತಟ್ಟೆಗಳನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ ಇಟ್ಟು ಕೊಂದ ಮೇಲೆಯೇ ಎಸೆಯುವುದು.

ಪ್ರಯೋಗಾಲಯದ ಮೇಷ್ಟ್ರು · ಮಂಗಳವಾರ, ಸಂಜೆ 6.20

ಮಗಳ ಉತ್ಸಾಹ ಆರದಿರಲಿ. ಬೇಕರಿ ಯೀಸ್ಟ್ ತನ್ನಿ. ನಾಲ್ಕು ಬಾಟಲಿಯಲ್ಲಿ ಸಕ್ಕರೆ ನೀರು, ಯೀಸ್ಟ್ ಹಾಕಿ ಬಾಯಿಗೆ ಬಲೂನ್ ಕಟ್ಟಿ. ಒಂದಕ್ಕೆ ಏನೂ ಹಾಕಬೇಡಿ, ಉಳಿದವುಗಳಿಗೆ ಲವಂಗ, ದಾಲ್ಚಿನ್ನಿ, ಜಜ್ಜಿದ ಬೆಳ್ಳುಳ್ಳಿ. ಯಾವ ಬಲೂನ್ ಎಷ್ಟು ಉಬ್ಬಿತು ಎಂದು ಗಂಟೆಗೊಮ್ಮೆ ದಾರದಿಂದ ಅಳೆಯಲಿ. ಬೆಳ್ಳುಳ್ಳಿಯನ್ನು ಇಡಿಯಾಗಿ ಹಾಕುವುದಕ್ಕೂ ಜಜ್ಜಿ ಹಾಕುವುದಕ್ಕೂ ಏನು ವ್ಯತ್ಯಾಸ ಎಂದೂ ನೋಡಲಿ. ಜಜ್ಜಿದಾಗ ಮಾತ್ರ ಕಿಣ್ವ ಕೆಲಸ ಮಾಡಿ, ಸೂಕ್ಷ್ಮಜೀವಿಗಳನ್ನು ತಡೆಯುವ ಅಲ್ಲಿಸಿನ್ ಹುಟ್ಟುತ್ತದೆ.

ಕಷಾಯಪ್ರಿಯ · ಮಂಗಳವಾರ, ರಾತ್ರಿ 8.15

ರಸಾಯನ ಸರ್, ಪಂಪ್ ಕಟ್ಟಿಹಾಕುವ ಅಣು ನಮ್ಮ ಅಡುಗೆಮನೆಯಲ್ಲಿ ಯಾವುದರಲ್ಲಾದರೂ ಇದೆಯೇ?

ರಸಾಯನ ಮಂಗಳೂರು · ಮಂಗಳವಾರ, ರಾತ್ರಿ 8.33

ಇದೆ. ಕಾಳುಮೆಣಸಿನ ಪೈಪರಿನ್. 2006ರಲ್ಲಿ ಜಮ್ಮುವಿನ ಸಂಶೋಧಕರು ಅದನ್ನು ಸಿಪ್ರೊಫ್ಲಾಕ್ಸಾಸಿನ್ ಜೊತೆ ಸ್ಟ್ಯಾಫಿಲೋಕಾಕಸ್ ಮೇಲೆ ಪರೀಕ್ಷಿಸಿದರು. ಪೈಪರಿನ್ ಇದ್ದಾಗ ಪ್ರತಿಜೀವಕ ಕಡಿಮೆ ಪ್ರಮಾಣದಲ್ಲಿಯೇ ಕೆಲಸ ಮಾಡಿತು.

ಕಷಾಯಪ್ರಿಯ · ಮಂಗಳವಾರ, ರಾತ್ರಿ 8.37

ಹಾಗಾದರೆ ಮಾತ್ರೆಯ ಜೊತೆ ಮೆಣಸಿನ ಕಷಾಯ ಕುಡಿದರೆ ಆಯಿತಲ್ಲ!

ರಾತ್ರಿಪಾಳಿ · ಮಂಗಳವಾರ, ರಾತ್ರಿ 9.30

ಇಲ್ಲ, ಆಗುವುದಿಲ್ಲ. ಈ ಮಾತಿಗಾಗಿಯೇ ಊಟ ಬಿಟ್ಟು ಬರೆಯಲು ಕೂತಿದ್ದೇನೆ.

ತಟ್ಟೆಯ ಗುಳಿಯಲ್ಲಿ ಇದ್ದಷ್ಟು ಪೈಪರಿನ್ ನಿಮ್ಮ ರಕ್ತದಲ್ಲಿ ಇರುವುದಿಲ್ಲ. ಇನ್ನೊಂದು ಕಡೆ, ಪೈಪರಿನ್ ಔಷಧಗಳನ್ನು ಒಡೆಯುವ ನಮ್ಮ ಯಕೃತ್ತಿನ ಕಿಣ್ವಗಳನ್ನೂ ತಡೆಯುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನದಲ್ಲಿ ಕೇವಲ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರ ರಕ್ತಕ್ಕೆ ಸೇರುವ, ಅರಿಶಿನದ ಕರ್ಕ್ಯುಮಿನ್ ಇಪ್ಪತ್ತು ಪಟ್ಟು ಏರಿತ್ತು. ಅರಿಶಿನದ ಮಟ್ಟಿಗೆ ಅದು ಒಳ್ಳೆಯ ಸುದ್ದಿ ಎನ್ನೋಣ. ನೀವು ತೆಗೆದುಕೊಳ್ಳುವ ಬೇರೆ ಮಾತ್ರೆಯ ಮಟ್ಟ ಹೀಗೆ ಏರಿದರೆ? ಸಾರಿಗೆ ಮೆಣಸು ಹಾಕಿ ಉಣ್ಣಿ, ಅದು ಊಟ. ಆಂಟಿಬಯೋಟಿಕ್ ಜೊತೆ ಗಟ್ಟಿ ಕಷಾಯ ಕುಡಿಯುವುದು ಬೇರೆಯೇ ಮಾತು.

ನಾನು ಶುಶ್ರೂಷಕಿ. ಹೋದ ವರ್ಷ ನಮ್ಮ ವಾರ್ಡಿಗೆ ಅರುವತ್ತರ ಒಬ್ಬ ರೈತರು ಬಂದರು. ಸಕ್ಕರೆ ಕಾಯಿಲೆ, ಹೆಬ್ಬೆರಳಿಗೆ ಗಾಯ. ಮೂರು ವಾರ ಎಲೆ ಅರೆದು ಕಟ್ಟಿದ್ದರು. ಬಟ್ಟೆ ಬಿಚ್ಚಿದಾಗ ಎಲೆಯ ಹಸಿರೂ ಕೀವೂ ಸೇರಿ ಗಟ್ಟಿಯಾಗಿ ಅಂಟಿಕೊಂಡಿತ್ತು, ಉಪ್ಪುನೀರು ಬಿಟ್ಟು ಬಿಟ್ಟು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಕಲ್ಚರ್‌ನಲ್ಲಿ ಎಂಆರ್‌ಎಸ್‌ಎ ಬಂತು. ಬೆರಳು ಉಳಿಯಲಿಲ್ಲ, ಕಾಲು ಉಳಿಯಿತು. ಅವರು ನನ್ನನ್ನು ಕೇಳಿದ್ದು ಒಂದೇ ಮಾತು, "ಪೇಪರಿನಲ್ಲಿ ಬಂದಿತ್ತಲ್ಲಮ್ಮಾ, ಈ ಎಲೆ ಕ್ರಿಮಿಯನ್ನು ಕೊಲ್ಲುತ್ತದೆ ಎಂದು?"

ಅಘನಾಶಿನಿ, ನಿಮ್ಮ ವಾಕ್ಯ ವರದಿಯಲ್ಲಿ ಉಳಿದುಕೊಳ್ಳುವುದಿಲ್ಲ, ಅವರ ಹತ್ತಿರ ಹೋಗುತ್ತದೆ.

ಕಷಾಯಪ್ರಿಯ · ಮಂಗಳವಾರ, ರಾತ್ರಿ 10.02

ರಾತ್ರಿಪಾಳಿ ಅಕ್ಕ, ಆ ಕಷಾಯದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಯಾರೂ ಹಾಗೆ ಮಾಡಬೇಡಿ.

ಅಘನಾಶಿನಿ · ಶುಕ್ರವಾರ, ಮಧ್ಯಾಹ್ನ 1.15

ಎಲ್ಲರೂ ಹೇಳಿದ್ದನ್ನು ಮಾಡಿದೆ. ಸಾರದ ಪಿಎಚ್ 2.6 ಇತ್ತು.

ಸೋಡಿಯಂ ಹೈಡ್ರಾಕ್ಸೈಡ್ ಹನಿ ಬೀಳುತ್ತಿದ್ದಂತೆ ಬೀಕರ್‌ನಲ್ಲಿ ಬಣ್ಣ ಬದಲಾಗುವುದನ್ನು ನೋಡುತ್ತಾ ನಿಂತೆ. ಮೊದಲು ರಕ್ತಗೆಂಪು, ಆಮೇಲೆ ನೇರಳೆ, ಕೊನೆಗೆ ಕೊಳೆತ ನೇರಳೆ ಹಣ್ಣಿನಂಥ ಮಂಕು ನೀಲಿ. ಬೆಳಿಗ್ಗೆ ತಟ್ಟೆ ತೆಗೆದರೆ ಮೂಲ ಸಾರಕ್ಕೆ 22, ಸಿಟ್ರಿಕ್ ಆಮ್ಲದ ನೀರಿಗೆ 21. ನೀಲಿ ಗುಳಿಯ ಅಂಚಿನವರೆಗೂ ಬ್ಯಾಕ್ಟೀರಿಯಾ ಹಾಲಿನ ಕೆನೆಯಂತೆ ಬೆಳೆದಿತ್ತು. ವಲಯವೇ ಇಲ್ಲ.

ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆ ತಟ್ಟೆಯನ್ನು ಮಾರ್ಗದರ್ಶಕರ ಮೇಜಿನ ಮೇಲಿಟ್ಟೆ. ಬಹಳ ಹೊತ್ತು ನೋಡಿದರು. ವಾಕ್ಯ ತೆಗೆದುಹಾಕು ಎಂದರು. ಹಾಗಾದರೆ ಮುರುಗಲಿನಲ್ಲಿ ಹುಳಿ ಬಿಟ್ಟರೆ ಬೇರೇನೂ ಇಲ್ಲವೇ ಎಂದೂ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ರಸಾಯನ ಮಂಗಳೂರು · ಶುಕ್ರವಾರ, ಮಧ್ಯಾಹ್ನ 1.50

ಇದೆ! ಈಗ ನಿಜವಾದ ಕೆಲಸ ಆರಂಭ. ನೀವು ನೋಡಿದ್ದು ನೀರಿನಲ್ಲಿ ಕರಗುವುದನ್ನು ಮಾತ್ರ. ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ಹಳದಿ ವಸ್ತು ಇದೆ. ಅದು ಎಣ್ಣೆಯ ಜಾತಿಯ ದ್ರಾವಕಗಳಿಗೆ ಒಲಿಯುತ್ತದೆ, ನೀರಿಗೆ ಒಲಿಯುವುದಿಲ್ಲ. ಅದೇ ಬಳಗದ ಬೆಂಜೋಫಿನೋನ್‌ಗಳನ್ನು ಜಪಾನಿನವರು 1996ರಲ್ಲಿಯೇ ಎಂಆರ್‌ಎಸ್‌ಎ ಮೇಲೆ ಪರೀಕ್ಷಿಸಿ ಒಳ್ಳೆಯ ಪರಿಣಾಮ ಕಂಡಿದ್ದರು.

ಸಿಪ್ಪೆಯನ್ನು ಮೊದಲು ನೀರಿನಲ್ಲಿ ತೊಳೆದು ಹುಳಿ, ಉಪ್ಪು, ಕೆಂಪು ಬಣ್ಣ ಹೋಗಲಿ. ಆಮೇಲೆ ಒಣಗಿಸಿ ಹೆಕ್ಸೇನ್ ಎಂಬ ಅಂಥ ದ್ರಾವಕದಲ್ಲಿ ಸಾರ ತೆಗೆಯಿರಿ. ಹೆಕ್ಸೇನ್ ಪೂರ್ತಿ ಹಾರಿಹೋಗಲಿ, ಫ್ಯೂಮ್ ಹುಡ್‌ನೊಳಗೇ ಮಾಡಿ. ಉಳಿದದ್ದನ್ನು ಡಿಎಂಎಸ್‌ಒ ಎಂಬ ಇನ್ನೊಂದು ದ್ರಾವಕದಲ್ಲಿ ಕರಗಿಸಿ. ಡಿಎಂಎಸ್‌ಒ ಮಾತ್ರ ಹಾಕಿದ ಒಂದು ಸಾಲು ಇರಲೇಬೇಕು, ಅದೂ ಹೆಚ್ಚಾದರೆ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ.

ಪ್ರಯೋಗಾಲಯದ ಮೇಷ್ಟ್ರು · ಶುಕ್ರವಾರ, ಮಧ್ಯಾಹ್ನ 2.30

ಕೆಂಪು ಬಣ್ಣ ಹೋಗುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ಎಂಐಸಿ ತಟ್ಟೆಯಲ್ಲಿ ನೀವು ರೆಸಜುರಿನ್ ಎಂಬ ನೀಲಿ ಬಣ್ಣ ಹಾಕುತ್ತೀರಿ. ಬ್ಯಾಕ್ಟೀರಿಯಾ ಬದುಕಿದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸಾರವೇ ಕೆಂಪಾಗಿದ್ದರೆ ಏನನ್ನು ಓದುತ್ತೀರಿ? ಸಂದೇಹ ಬಂದರೆ ಪ್ರತಿ ಗುಳಿಯಿಂದ ಒಂದು ಹನಿ ತೆಗೆದು ಬರಿಯ ಅಗಾರ್ ಮೇಲೆ ಇಡಿ. ಮಾರನೆಯ ದಿನ ಬೆಳೆದರೆ ಬದುಕಿದೆ, ಇಲ್ಲವಾದರೆ ಸತ್ತಿದೆ.

2005ರಲ್ಲಿ ಸ್ಪೇನಿನ ಇಬ್ಬರು ಸಂಶೋಧಕರು ಒಂದು ಮಿತಿ ಸೂಚಿಸಿದ್ದರು. ಸಸ್ಯದ ಸಾರಕ್ಕೆ ಮಿಲಿಲೀಟರಿಗೆ 1 ಮಿಲಿಗ್ರಾಂಗಿಂತ, ಶುದ್ಧ ಅಣುವಿಗೆ 0.1 ಮಿಲಿಗ್ರಾಂಗಿಂತ ಹೆಚ್ಚು ಬೇಕಾದರೆ ಅದನ್ನು ಪರಿಣಾಮ ಎಂದು ಎಣಿಸಬೇಡಿ ಎಂದು. ಆ ಗೆರೆಯನ್ನು ನಿಮ್ಮ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಅದರೊಳಗೆ ಬಂದರೆ ಮುಂದಿನ ಪ್ರಶ್ನೆ, ಅಷ್ಟೇ ಸಾಂದ್ರತೆಯಲ್ಲಿ ಮನುಷ್ಯನ ಜೀವಕೋಶ ಬದುಕುತ್ತದೆಯೇ? ಕೆಂಪು ರಕ್ತಕಣಗಳನ್ನು ಒಡೆಯುವ ವಸ್ತು ಬ್ಯಾಕ್ಟೀರಿಯಾವನ್ನೂ ಒಡೆಯುತ್ತದೆ, ಅದರಿಂದ ಯಾರಿಗೆ ಉಪಕಾರ?

ಅಘನಾಶಿನಿ · ಶುಕ್ರವಾರ, ಮಧ್ಯಾಹ್ನ 2.41

ಸ್ಯೂಡೋಮೊನಾಸ್ ಮೇಲೂ ನೋಡಲೇ ಸರ್?

ಪ್ರಯೋಗಾಲಯದ ಮೇಷ್ಟ್ರು · ಶುಕ್ರವಾರ, ಮಧ್ಯಾಹ್ನ 2.55

ನೋಡಿ, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಸ್ಯೂಡೋಮೊನಾಸ್‌ನಂಥ ಗ್ರಾಂ-ಋಣ ಬ್ಯಾಕ್ಟೀರಿಯಾಕ್ಕೆ ಹೊರಗೆ ಇನ್ನೊಂದು ಪೊರೆಯ ಗೋಡೆ ಇದೆ, ಒಳಗೆ ಸಾಲುಸಾಲು ಪಂಪ್‌ಗಳಿವೆ. ಹೆಚ್ಚಿನ ಸಸ್ಯ ಅಣುಗಳು ಅಲ್ಲಿ ಸೋಲುತ್ತವೆ. ಫಲ ಸಿಗದಿದ್ದರೂ ವರದಿಯಲ್ಲಿ ಬರೆಯಿರಿ.

ಗಿಡಗುರುತು · ಶುಕ್ರವಾರ, ಸಂಜೆ 4.10

ಅಂಗಡಿಯ ಸಿಪ್ಪೆ ಮಾತ್ರ ಬೇಡ. ಗೊತ್ತಿರುವ ಮರ, ಗೊತ್ತಿರುವ ಊರು, ಕೊಯ್ದ ದಿನಾಂಕ. ಮೂರೂ ಬೇಕು.

ತೋಟದಮನೆ · ಶುಕ್ರವಾರ, ರಾತ್ರಿ 7.45

ತಂಗಿ, ನಮ್ಮ ಮರಗಳ ಹಣ್ಣು ಬಣ್ಣ ತಿರುಗಿದೆ, ಇನ್ನು ಎರಡು ವಾರದಲ್ಲಿ ಉದುರುತ್ತದೆ. ನಾಲ್ಕು ಮರಕ್ಕೂ ಸಂಖ್ಯೆ ಬರೆದು ತಗಡು ಹೊಡೆಯುತ್ತೇನೆ, ಒಂದೊಂದರ ಸಿಪ್ಪೆಯನ್ನೂ ಬೇರೆ ಬೇರೆ ಒಣಗಿಸುತ್ತೇನೆ, ಉಪ್ಪು ಹಾಕದೆ. ಮಳೆ ಹಿಡಿಯುವ ಮುಂಚೆ ಒಣಗಬೇಕು. ಎಲೆ, ಕೊಂಬೆ ಹೇಗೆ ಒತ್ತಿಡಬೇಕು ಎಂದು ಗಿಡಗುರುತು ಸರ್ ಹೇಳಿಕೊಡಲಿ. ಹೂವು ಈಗ ಮುಗಿದಿದೆ, ಕಾಯಿ ಇರುವ ಕೊಂಬೆ ಆಗುತ್ತದೆಯೇ?

ಗಿಡಗುರುತು · ಶುಕ್ರವಾರ, ರಾತ್ರಿ 8.02

ಆಗುತ್ತದೆ. ಹಳೆಯ ಪತ್ರಿಕೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿ, ಕಾಗದವನ್ನು ದಿನಾ ಬದಲಿಸಿ. ಕಾಯಿ ದಪ್ಪ, ಅಡ್ಡಕ್ಕೆ ಸೀಳಿ ಒಣಗಿಸಿ.